ಕಣದಲ್ಲಿ ಕೂತವರು

ಮಾನ್ವಿ
೧೪ ಅಕ್ಟೋಬರ್ ೨೦೨೪

ರಾಧಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಆದರೂ ಒಡೆದಿದ್ದೀ, ಅಷ್ಟು ಸಾಕು. ಫೋನ್ ಮಾಡಿ ನೋಡಿದೆ. ನನ್ನ ನಂಬರಿನಿಂದ ಹೋದ ಕರೆ ನಿನಗೆ ಮುಟ್ಟುವುದಿಲ್ಲ ಎಂದು ಆಮೇಲೆ ಹೊಳೆಯಿತು. ನೀನು ದೇವದುರ್ಗದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೀ ಎಂದು ನಮ್ಮ ಕ್ಲಾಸಿನ ವಿಜಯಶ್ರೀ ಹೇಳಿದಳು. ಅದಕ್ಕೇ ಈ ಕಾಗದ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಹೋದ ಬೇಸಿಗೆಯಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ತೊದಲುತ್ತದೆ. ರಾಯಚೂರಿನ ಮನೆಯಲ್ಲಿ ಅವ್ವ ನೋಡಿಕೊಳ್ಳುತ್ತಿದ್ದಾಳೆ. ಮಾನ್ವಿಯ ಹೊರಗೆ, ಹಿರೇಕೊಟ್ನೆಕಲ್ ರಸ್ತೆಯಲ್ಲಿರುವ ನಮ್ಮ ಅಕ್ಕಿ ಮಿಲ್ಲು ಈಗ ನನ್ನ ಕೈಗೆ ಬಂದಿದೆ. ಬಂದಿದೆ ಎನ್ನುವುದಕ್ಕಿಂತ ನಾನೇ ಕಿತ್ತುಕೊಂಡೆ. ಅಣ್ಣ ಬಸವಪ್ರಸಾದನಿಗೆ ಮಿಲ್ಲು ಬೇಡ, ಅದರ ಜಾಗ ಬೇಕು. ಹಿಂದಿನ ಒಂದಷ್ಟು ಜಾಗವನ್ನು ಆಗಲೇ ಸೈಟು ಮಾಡಿ ಮಾರಿದ್ದಾನೆ. "ನೀ ಮದುವಿ ಮಾಡ್ಕೊಂಡು ಹೋಗಾಕಿ, ನಿನಗ್ಯಾಕ ಮಿಲ್ಲು?" ಎಂದ. "ಒಂದು ಸುಗ್ಗಿ ನಡಸಿ ತೋರಸ್ತೀನಿ, ಆಮ್ಯಾಲ ಮಾತಾಡು" ಎಂದು ಅಪ್ಪನ ಎದುರಿಗೇ ಹೇಳಿದೆ. ಅಪ್ಪ ತಲೆಯಾಡಿಸಿದರು. ಯಾರ ಮಾತಿಗೆ ಆಡಿಸಿದರೋ ತಿಳಿಯಲಿಲ್ಲ. ನನ್ನ ಮಾತಿಗೇ ಎಂದು ಹಿಡಿದುಕೊಂಡು ಮರುದಿನವೇ ಇಲ್ಲಿಗೆ ಬಂದೆ.

ನಮ್ಮದು ಹಳೆಯ ಪದ್ಧತಿಯ ಮಿಲ್ಲು. ಭತ್ತವನ್ನು ತೊಟ್ಟಿಯಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ, ಕಣದಲ್ಲಿ ಹರವಿ ಬಿಸಿಲಿಗೆ ಒಣಗಿಸಿದ ಮೇಲೆ ಯಂತ್ರಕ್ಕೆ ಹಾಕುವುದು. ಕಣದ ಕೆಲಸವೆಲ್ಲ ಹೆಂಗಸರದು, ಅವರೇ ನನ್ನ ತಲೆನೋವು. ಬೆಳಿಗ್ಗೆ ಚುರುಕಾಗಿರುತ್ತಾರೆ, ಮಧ್ಯಾಹ್ನವಾಗುತ್ತಲೇ ಕಾಲೆಳೆಯುತ್ತಾರೆ. ಕೆಲವರು ಸುಗ್ಗಿಯ ನಡುವೆಯೇ ಬಿಟ್ಟು ಬೇರೆ ಮಿಲ್ಲಿಗೆ ಹೋಗುತ್ತಾರೆ. ನಮ್ಮ ಕೂಲಿ ಯಾರಿಗೂ ಕಡಿಮೆಯಿಲ್ಲ. ಮೇಸ್ತ್ರಿ ನಿಂಗರಾಜ, "ದಂಡ ಹಾಕ್ರಿ ಅಕ್ಕಾರ, ಎಲ್ಲಾ ಸರಿ ಆಗತದ" ಎನ್ನುತ್ತಾನೆ.

ದುಡಿಯುವವರಿಗೆ ದುಡಿಯುವ ಮನಸ್ಸು ಎಲ್ಲಿಂದ ಬರುತ್ತದೆ ಎಂಬುದನ್ನು ಎಂ.ಎ.ಯಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದೆವು. ನಾನು ಪರೀಕ್ಷೆ ಬರೆದು ಮರೆತೆ, ನೀನು ಅದನ್ನೇ ಕಲಿಸುತ್ತಿದ್ದೀ. ಆ ಸಿದ್ಧಾಂತಗಳಲ್ಲಿ ಯಾವುದು ನಿಜವಾಗಿ ನಡೆಯುತ್ತದೆ? ಒಂದೇ ಹೆಸರು ಬರೆದು ಕಳಿಸಿದರೂ ಸಾಕು.

ಸಿಟ್ಟು ಇದ್ದರೆ ಇರಲಿ. ನನಗೂ ಇದೆ.

ಅನುರಾಧಾ


ದೇವದುರ್ಗ
೨೬ ಅಕ್ಟೋಬರ್ ೨೦೨೪

ಅನುರಾಧಾ,

ಪರೀಕ್ಷೆಯ ಹಿಂದಿನ ದಿನ ಬಂದು 'ಮುಖ್ಯವಾದದ್ದಷ್ಟೇ ಹೇಳು' ಎನ್ನುವ ನಿನ್ನ ಚಾಳಿ ಹೋಗಿಲ್ಲ.

ನಿನ್ನ ಸಿಟ್ಟು ಯಾಕೆಂದು ನನಗೆ ತಿಳಿಯದು. ನನ್ನದು ಯಾಕೆಂದು ನಿನಗೆ ಗೊತ್ತು. ರಾಯಚೂರಿನ ನಿಮ್ಮ ಮನೆಯ ಪಡಸಾಲೆಯಲ್ಲಿ ನಿಮ್ಮಪ್ಪ ವಿರೂಪಣ್ಣನವರು ನನಗೆ ಗುಮಾಸ್ತೆ ಕೆಲಸ ಕೊಡುತ್ತೇನೆಂದರು. ನಾನು ಒಲ್ಲೆ ಎಂದೆ. ಬಾಗಿಲ ತನಕ ಬಂದು, "ಕುರಿ ಕಾಯೋರ ಮಗಳಿಗೆ ಇಷ್ಟು ಸೊಕ್ಕು ಇರಬಾರದು" ಎಂದವಳು ನೀನು. ಉಳ್ಳವರು ತಲೆಯೆತ್ತಿದರೆ ಗತ್ತು, ಇಲ್ಲದವರು ಎತ್ತಿದರೆ ಸೊಕ್ಕು. ಆ ಸೊಕ್ಕನ್ನು ನಾನು ಈಗಲೂ ಜೋಪಾನ ಮಾಡಿಕೊಂಡಿದ್ದೇನೆ.

ಇನ್ನು ನಿನ್ನ ಪ್ರಶ್ನೆ. ಒಂದೇ ಹೆಸರು ಬರೆದುಕೊಡಲು ಇದು ಜ್ವರದ ಗುಳಿಗೆಯಲ್ಲ.

ನಿಮ್ಮ ನಿಂಗರಾಜ ಹೇಳುವುದೂ ಒಂದು ಸಿದ್ಧಾಂತವೇ, ಎಲ್ಲಕ್ಕಿಂತ ಹಳೆಯದು. ಮನುಷ್ಯ ಹುಟ್ಟಾ ಮೈಗಳ್ಳ, ಬೆದರಿಸಿದರೆ ದುಡಿಯುತ್ತಾನೆ ಎನ್ನುವುದು. ಗಬ್ಬೂರಿನಲ್ಲಿ ನಮ್ಮಪ್ಪ ಮಾಳಿಂಗಪ್ಪ ಇದಕ್ಕೆ ಒಂದು ಮಾತು ಹೇಳುತ್ತಾನೆ: ಹೊಡದ ಕುರಿ ಓಡತದ, ಮೇಯಂಗಿಲ್ಲ. ಇದಕ್ಕೆ ಎದುರಿನದು, ದುಡಿಮೆ ಮನುಷ್ಯನಿಗೆ ಉಸಿರಾಟದಷ್ಟೇ ಸಹಜ, ನಂಬಿ ಬಿಟ್ಟರೆ ತಾನೇ ಮಾಡುತ್ತಾನೆ ಎನ್ನುವುದು. ನಿನಗೆ ಇಷ್ಟವಾಗಿದ್ದದ್ದು ಮೆಟ್ಟಿಲಿನ ಸಿದ್ಧಾಂತ. ಮೊದಲು ಹೊಟ್ಟೆ, ಆಮೇಲೆ ಭದ್ರತೆ, ಆಮೇಲೆ ತನ್ನವರು, ಅದರ ಮೇಲೆ ಮಾನ, ತುತ್ತತುದಿಯಲ್ಲಿ ತಾನು ಆಗಬೇಕಾದದ್ದು ಆಗುವುದು. ಚಿತ್ರ ಚೆಂದ ಬರುತ್ತದೆ, ಅಂಕಗಳೂ ಬರುತ್ತವೆ. ಆದರೆ ನನ್ನವ್ವ ಹೊಟ್ಟೆಗಿಲ್ಲದ ವರ್ಷವೂ ಮಾನ ಬಿಟ್ಟವಳಲ್ಲ. ಅವಳು ಮೆಟ್ಟಿಲು ಹತ್ತಲಿಲ್ಲ, ಮೇಲಿನಿಂದಲೇ ಶುರು ಮಾಡಿದಳು.

ನೀನು ಮರೆತಿರುವುದು ಇನ್ನೊಂದಿದೆ. ಸಂಕಟ ತಪ್ಪಿಸುವ ಸಂಗತಿಗಳೇ ಬೇರೆ, ಹುರುಪು ಕೊಡುವ ಸಂಗತಿಗಳೇ ಬೇರೆ ಎನ್ನುತ್ತದೆ ಅದು. ಕೂಲಿ, ನೆರಳು, ನೀರು, ಮೇಲಿನವರ ನಡವಳಿಕೆ ಕೆಟ್ಟರೆ ಮನಸ್ಸು ಕೆಡುತ್ತದೆ. ಅವು ಸರಿಯಿದ್ದ ಮಾತ್ರಕ್ಕೆ ಹುರುಪು ಬರುವುದಿಲ್ಲ, ಅದು ಬರುವುದು ಕೆಲಸದೊಳಗಿನಿಂದ. ತಕ್ಕಡಿಯ ಸಿದ್ಧಾಂತವೂ ಇದೆ. ನನಗೆ ಎಷ್ಟು ಸಿಕ್ಕಿತು ಎಂಬುದಕ್ಕಿಂತ ಪಕ್ಕದವಳಿಗೆ ಎಷ್ಟು ಸಿಕ್ಕಿತು ಎಂದು ತೂಗಿ ನೋಡಿಯೇ ಜನ ತೃಪ್ತಿ ಪಡುತ್ತಾರೆ, ಇಲ್ಲವೆ ಕುದಿಯುತ್ತಾರೆ.

ನನ್ನನ್ನೇ ನೋಡು. ಖಾಸಗಿ ಸಂಸ್ಥೆಯೊಂದರ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮಳೆಗಾಲ ಶುರುವಾದಾಗಿನಿಂದ ನಮಗೆ ಸಂಬಳವಿಲ್ಲ. ಆದರೂ ದಿನಾ ಹೋಗಿ ಇದೇ ಪಾಠ ಮಾಡುತ್ತೇನೆ. ನನ್ನನ್ನು ಯಾವ ಸಿದ್ಧಾಂತಕ್ಕೆ ಸೇರಿಸುತ್ತೀ, ನೀನೇ ಹೇಳು.

ರಾಧಾ


ಮಾನ್ವಿ
೨೨ ನವೆಂಬರ್ ೨೦೨೪

ರಾಧಾ,

ಪಡಸಾಲೆಯ ಮಾತಿಗೆ ಇಲ್ಲಿ ಉತ್ತರ ಬರೆಯುವುದಿಲ್ಲ. ಎದುರಿಗೆ ಕೂತು ಬೈಸಿಕೊಳ್ಳಬೇಕಾದ ಮಾತು ಅದು.

ದಂಡ ಹಾಕುವುದು ನನಗೆ ಒಗ್ಗಲಿಲ್ಲ. ನಿನ್ನವ್ವನ ಹಾಗೆ ಮಾನದಿಂದಲೇ ಶುರು ಮಾಡೋಣ ಎಂದುಕೊಂಡೆ. ಹೊಸ ಭತ್ತ ಬರತೊಡಗಿದ ಕೂಡಲೇ ಗೇಟಿನ ಬದಿಯ ಗೋಡೆಯ ಮೇಲೆ 'ಉತ್ತಮ ಕೆಲಸಗಾರ್ತಿ' ಎಂದು ದೊಡ್ಡದಾಗಿ ಬರೆಸಿದೆ. ಆಯ್ಕೆಯಾದವಳ ಫೋಟೋ ಅದರ ಕೆಳಗೆ, ಕೈಗೊಂದು ಇಳಕಲ್ ಸೀರೆ. ಮೊದಲು ಆರಿಸಿದ್ದು ಅಯ್ಯಮ್ಮನನ್ನು. ಕಣದ ಹೆಂಗಸರಲ್ಲಿ ಹಿರಿಯಳು, ಕಡ್ಡಿ ಮುರಿದಂತೆ ಮಾತಾಡುವವಳು. ಎಲ್ಲರ ಎದುರು ಸೀರೆ ಕೊಟ್ಟು ಚಪ್ಪಾಳೆ ತಟ್ಟಿಸಿದೆ. ಮರುದಿನ ಬಂದು ನೋಡಿದರೆ ಫೋಟೋದ ಮುಖ ಗೋಡೆಗೆ ತಿರುಗಿತ್ತು. ಸೀರೆ ನನ್ನ ಮೇಜಿನ ಮೇಲಿತ್ತು, ಮಡಿಕೆ ಕೂಡ ಬಿಚ್ಚಿರಲಿಲ್ಲ.

ಕರೆಸಿ ಕೇಳಿದೆ. "ಯಾಕವ್ವಾ, ಸೀರಿ ಚಂದ ಇಲ್ಲೇನು?"

"ಸೀರಿ ಚಂದ ಅದರಿ."

"ಮತ್ತ?"

"ನಾ ಹರವಿದ್ದು ಖತೀಜಾ ಬೀ ತಿರುವ್ಯಾಳ. ಆಕಿ ತಿರುವಿದ್ದು ಇನ್ನೊಬ್ಬಾಕಿ ಬಳದಾಳ. ನನ್ನ ಒಬ್ಬಾಕಿ ಫೋಟೋ ಹಾಕಿದ್ರ ಉಳದವ್ರು ಏನು ಕುಂತು ಉಂಡ್ರೇನ್ರಿ? ಖತೀಜಾ ನಿನ್ನಿಯಿಂದ ನನ್ನ ಕೂಡ ಮಾತು ಬಿಟ್ಟಾಳ. ಸೀರಿ ಬಂತು, ಗೆಳತಿ ಹೋದ್ಲು. ನನಗ್ಯಾಕ ಬೇಕ್ರಿ ಇದು?"

ಇಷ್ಟು ಹೇಳಿ ಹೊರಟೇಬಿಟ್ಟಳು. ಹೋಗು ಎಂದು ನಾನಿನ್ನೂ ಹೇಳಿರಲಿಲ್ಲ.

ಆ ದಿನವೇ ಅಣ್ಣ ಬಂದಿದ್ದ. ಸುದ್ದಿ ಕೇಳಿ ನಕ್ಕೂ ನಕ್ಕೂ ಸುಸ್ತಾದ. "ಮಂದಿಗೆ ಸಲಿಗಿ ಕೊಟ್ರ ತಲಿ ಮ್ಯಾಲ ಕುಂದ್ರತಾರ" ಎಂದ. ಅವನ ನಗುವಿನ ಉರಿಗೆ ನಾನು ಹೆಬ್ಬೆಟ್ಟು ಒತ್ತುವ ಯಂತ್ರ ಹಾಕಿಸಿದೆ. ತಡವಾಗಿ ಬಂದರೆ ಅರ್ಧ ಕೂಲಿ. ಈಗ ಎಲ್ಲರೂ ವೇಳೆಗೆ ಸರಿಯಾಗಿ ಬಂದು ಹೆಬ್ಬೆಟ್ಟು ಒತ್ತುತ್ತಾರೆ, ಆಮೇಲೆ ಮೊದಲಿಗಿಂತ ನಿಧಾನವಾಗಿ ಕೆಲಸ ಮಾಡುತ್ತಾರೆ. ನಿಮ್ಮಪ್ಪನ ಕುರಿಯ ಮಾತು ನೆನಪಾಗಿ ನಿನ್ನ ಮೇಲೆಯೇ ಸಿಟ್ಟು ಬಂತು.

ಗೌರವ ಕೊಟ್ಟೆ, ಒಲ್ಲೆ ಎಂದರು. ಬೆದರಿಸಿದೆ, ಬಗ್ಗಲಿಲ್ಲ. ಇವರಿಗೆ ಏನು ಬೇಕು?

ಅನುರಾಧಾ


ದೇವದುರ್ಗ
೩ ಡಿಸೆಂಬರ್ ೨೦೨೪

ಅನುರಾಧಾ,

ನೀನು ಕೊಟ್ಟದ್ದು ಒಂದು ಸೀರೆ ಮತ್ತು ಒಂದು ಫೋಟೋ. ಅದಕ್ಕೆ ಗೌರವ ಎಂದು ಹೆಸರಿಟ್ಟವಳೂ ನೀನೇ. ಯಾರು ಉತ್ತಮ ಎಂದು ತೀರ್ಮಾನಿಸುವ ಅಧಿಕಾರ ನಿನ್ನ ಕೈಯಲ್ಲೇ ಇತ್ತಲ್ಲ, ಅಯ್ಯಮ್ಮ ವಾಪಸ್ಸು ಕೊಟ್ಟದ್ದು ಅದನ್ನು.

ಅವರಿಗೆ ಏನು ಬೇಕು ಎಂದು ನನ್ನನ್ನು ಕೇಳುತ್ತಿದ್ದೀ. ನಾನಿರುವುದು ದೇವದುರ್ಗದಲ್ಲಿ. ಅವರು ನಿನ್ನ ಕಿಟಕಿಯ ಹೊರಗೇ ಇದ್ದಾರೆ.

ಒಂದು ಸಂಗತಿ ಮಾತ್ರ ನಾನೇ ಕೇಳುತ್ತೇನೆ. ಓದುವ ದಿನಗಳಲ್ಲಿ ಒಮ್ಮೆ ನಿನ್ನ ಜೊತೆ ಆ ಮಿಲ್ಲಿಗೆ ಬಂದಿದ್ದೆ. ಆಫೀಸಿಗೆ ಹೊಂದಿಕೊಂಡು ಒಂದು ಶೌಚಾಲಯವಿತ್ತು, ಬಿಳಿ ಟೈಲ್ಸಿನದು. ಕಣದ ಹೆಂಗಸರು ಎಲ್ಲಿ ಹೋಗುತ್ತಾರೆ ಎಂದು ಆಗ ಕೇಳಬೇಕೆನಿಸಿ ಸುಮ್ಮನಾದೆ. ಎಲ್ಲಿ ಹೋಗುತ್ತಾರೆ?

ಇಲ್ಲಿಯ ಸುದ್ದಿ: ವಾರ್ಷಿಕೋತ್ಸವದಲ್ಲಿ ನನ್ನನ್ನು 'ಆದರ್ಶ ಉಪನ್ಯಾಸಕಿ' ಎಂದು ಕರೆದು ಶಾಲು ಹೊದಿಸುತ್ತಾರಂತೆ. ಸಂಬಳದ ಮಾತಿಲ್ಲ. ನಿನ್ನ ಕಾಗದ ಬಂದ ದಿನವೇ ಇದೂ ತಿಳಿಯಿತು. ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ನಗುತ್ತಿದ್ದೆ. ಎಲ್ಲರೂ ಸಂತೋಷಕ್ಕೆ ನಗುತ್ತಿದ್ದಾಳೆ ಎಂದುಕೊಂಡರು.

ರಾಧಾ


ಮಾನ್ವಿ
೨೦ ಡಿಸೆಂಬರ್ ೨೦೨೪

ರಾಧಾ,

ನಿನ್ನ ಕಾಗದ ಹರಿದು ಹಾಕಿದೆ. ಹರಿದ ಮೇಲೂ ಆ ಪ್ರಶ್ನೆ ಹೋಗಲಿಲ್ಲ. ಮರುದಿನ ಮಧ್ಯಾಹ್ನ ಹೆಂಗಸರು ಬುತ್ತಿ ಬಿಚ್ಚುವ ಹೊತ್ತಿಗೆ ಕಣಕ್ಕೆ ಹೋಗಿ ಬೇವಿನ ನೆರಳಿನಲ್ಲಿ ಕೂತೆ. ಬಹಳ ಹೊತ್ತು ಯಾರೂ ತುತ್ತು ಎತ್ತಲಿಲ್ಲ. ಕೊನೆಗೆ ಖತೀಜಾ ಬೀ ಒಂದು ರೊಟ್ಟಿ, ಪುಂಡಿಪಲ್ಯ ಮುಂದೆ ಸರಿಸಿದಳು. ಉಂಡೆ. ಉಂಡ ಮೇಲೆ ಕೇಳಿದೆ.

ಮೊದಲು ಹೊಟ್ಟಿನ ಗುಡ್ಡೆಯ ಹಿಂದೆ ಹೋಗುತ್ತಿದ್ದರಂತೆ. ಅಣ್ಣ ಸೈಟು ಮಾರಿದ ಮೇಲೆ ಅಲ್ಲಿ ಮನೆಗಳೆದ್ದವು, ಮಹಡಿ ಕಿಟಕಿಗಳೆಲ್ಲ ಈ ಕಡೆಗೇ ತೆರೆಯುತ್ತವೆ. "ಹಂಗಾಗಿ ಮುಂಜಾನಿಂದ ನೀರು ಕುಡಿಯಂಗಿಲ್ರಿ" ಎಂದಳು ಖತೀಜಾ. "ಕುಡದ್ರ ಹೋಗಬೇಕಾಗತದ. ಹೋಗಾಕ ಜಾಗ ಇಲ್ಲ." ನಮ್ಮ ಬಿಸಿಲು ನಿನಗೆ ಗೊತ್ತು. ಆ ಬಿಸಿಲಿನಲ್ಲಿ, ಬೆಂದ ಭತ್ತದ ಹಬೆಯಲ್ಲಿ, ನೀರು ಕುಡಿಯದೆ ನಡೆಯುತ್ತಾರೆ. ಮಧ್ಯಾಹ್ನ ಕಾಲೆಳೆಯುತ್ತಾರೆ ಎಂದು ನಿನಗೆ ಬರೆದಿದ್ದೆನಲ್ಲ, ಅದು ಇದು. ಹೋದ ವರ್ಷ ಒಬ್ಬ ಬಸುರಿ ಕಣದಲ್ಲೇ ಬಿದ್ದಳಂತೆ. ಅಪ್ಪನಿಗೆ ಗೊತ್ತಿತ್ತು.

"ಕಟ್ಟಸ್ತೀನಿ" ಎಂದೆ.

ಅಯ್ಯಮ್ಮ ಕೈ ತೊಳೆಯುತ್ತಾ, "ಧಣೇರೂ ಹಂಗ ಅಂದಿದ್ರು" ಎಂದಳು. "ಎರಡು ಸಲ ಅಂದಿದ್ರು. ಎರಡನೇ ಸಲ ಅಂದಾಗ ನಾವು ನಂಬಿ ಬಾಯ್ಲರ್ ಪೂಜಾದಾಗ ಕಾಯಿ ಒಡದಿದ್ವಿ."

ದುಡಿದರೆ ಸಿಗುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ಜನ ದುಡಿಯುತ್ತಾರೆ ಎನ್ನುವ ಸಿದ್ಧಾಂತವೂ ಒಂದಿತ್ತಲ್ಲ, ನಿರೀಕ್ಷೆಯದು. ಪರೀಕ್ಷೆಯಲ್ಲಿ ಅದನ್ನು ನಾನು ಸೂತ್ರ ಹಾಕಿ ಬರೆದಿದ್ದೆ. ಅಯ್ಯಮ್ಮನ ಮುಖ ನೋಡಿದಾಗ ಆ ಸೂತ್ರದಲ್ಲಿ ಸೊನ್ನೆ ಎಲ್ಲಿ ಬರುತ್ತದೆ ಎಂದು ತಿಳಿಯಿತು: ನಂಬಿಕೆಯ ಜಾಗದಲ್ಲಿ.

ಮರುದಿನವೇ ಗೌಂಡಿ ಮೀರಾಹುಸೇನನನ್ನು ಕರೆಸಿ ಹಿಂದಿನ ಮೂಲೆಯಲ್ಲಿ ಪಾಯ ತೆಗೆಸಿದೆ. ಹೇಗೋ ಸುದ್ದಿ ಮುಟ್ಟಿ ಅಣ್ಣ ರಾಯಚೂರಿನಿಂದ ಓಡಿ ಬಂದ. ಆ ಮೂಲೆಯೂ ಮಾರಾಟಕ್ಕೆ ಮಾತಾಗಿದೆಯಂತೆ. ನಾನು ಬ್ಯಾಂಕಿಗೆ ಹೋಗಿದ್ದಾಗ ಗೌಂಡಿಯನ್ನು ಬೈದು ಕಳಿಸಿ ಪಾಯ ಮುಚ್ಚಿಸಿದ. ವಾಪಸ್ಸು ಬಂದು ನೋಡಿದರೆ ಹಸಿ ಮಣ್ಣು, ಮೇಲೆ ಅವನ ಬೂಟಿನ ಗುರುತು. ಹೆಂಗಸರೆಲ್ಲ ಕಣದಲ್ಲಿ ನಿಂತು ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಬೆಳಿಗ್ಗೆ ಬಂದವರು ಹೆಬ್ಬೆಟ್ಟು ಒತ್ತಲಿಲ್ಲ, ಭತ್ತ ಬಳಿಯುವ ಬಳಿಗೆ ಹಿಡಿಯಲಿಲ್ಲ. ಕಣದ ನಡುವೆ ಕೂತಿದ್ದಾರೆ. ಎರಡು ತೊಟ್ಟಿ ಭತ್ತ ನೆನೆಯುತ್ತಿದೆ. ಹೊತ್ತಿಗೆ ಬೇಯಿಸಿ ಹರವದಿದ್ದರೆ ಹುಳಿತು ನಾರುತ್ತದೆ. ಕಿಟಕಿಯಿಂದ ಅವರನ್ನು ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ.

ಅನು


ದೇವದುರ್ಗ
೩೦ ಡಿಸೆಂಬರ್ ೨೦೨೪

ಅನು,

ನಿನ್ನ ಕಣದಲ್ಲಿ ಏನಾಯಿತೋ ತಿಳಿಯದೆ ಬರೆಯುತ್ತಿದ್ದೇನೆ. ಕಿಟಕಿಯಿಂದ ಎದ್ದು ಹೊರಗೆ ಹೋಗಿದ್ದೀ ಎಂದು ನಂಬಿದ್ದೇನೆ.

ವಾರ್ಷಿಕೋತ್ಸವ ಮುಗಿಯಿತು. ಸಂಸ್ಥೆಯ ಅಧ್ಯಕ್ಷರು ಶಾಲು ಬಿಡಿಸಿ ಹಿಡಿದರು. ನಾನು ಅದನ್ನು ಕೈಯಲ್ಲಿ ತೆಗೆದುಕೊಂಡು, ಮಡಿಸಿ, ಮೇಜಿನ ಮೇಲಿಟ್ಟು ಮೈಕಿನ ಮುಂದೆ ಹೋದೆ. "ನನ್ನ ಜೊತೆಗೆ ಪಾಠ ಮಾಡುವವರೆಲ್ಲ ನನ್ನಷ್ಟೇ ದುಡಿದಿದ್ದಾರೆ. ನಮ್ಮಲ್ಲಿ ಯಾರಿಗೂ ಸಂಬಳ ಬಂದಿಲ್ಲ. ಒಬ್ಬಳಿಗೆ ಶಾಲು ಹೊದಿಸಿ ಎಲ್ಲರ ಬಾಯಿ ಮುಚ್ಚಿಸುವುದಾದರೆ ಈ ಶಾಲು ನನಗೆ ಬೇಡ" ಎಂದೆ. ದೊಡ್ಡ ಧೈರ್ಯವೇನಲ್ಲ, ಅಯ್ಯಮ್ಮನಿಂದ ಎರವಲು ಪಡೆದದ್ದು. ಹಿಂದಿನ ಸಾಲಿನಿಂದ ಹುಡುಗಿಯರು ಸಿಳ್ಳೆ ಹೊಡೆದರು. ನನ್ನ ಸಹೋದ್ಯೋಗಿಗಳು ನೆಲ ನೋಡುತ್ತಿದ್ದರು.

ಮರುದಿನ ಅಧ್ಯಕ್ಷರು ಕರೆಸಿದರು. "ನಿಮಗ ಸಂಸ್ಥಾದ ಮ್ಯಾಲ ನಿಷ್ಠಾ ಇಲ್ಲ ಮೇಡಂ."

"ನಿಷ್ಠಾ ಅದರಿ, ಅದಕ್ಕ ಪಗಾರ ಇಲ್ಲದ ಪಾಠ ಮಾಡೀನಿ. ಅಂಜಿಕಿ ಇಲ್ಲ, ಅದಕ್ಕ ಮಾತಾಡೀನಿ."

ನಾಳೆಯಿಂದ ಬರಬೇಡಿ ಎಂದರು. ಬರುವಾಗ ಮೂರನೇ ವರ್ಷದವರ ತರಗತಿಯ ಮುಂದೆ ನಿಂತೆ. ಅವರಿಗೆ ಒಂದು ಪಾಠ ಬಾಕಿ ಉಳಿದಿತ್ತು. ಅದನ್ನು ನಿನಗೇ ಬರೆದುಬಿಡುತ್ತೇನೆ. ಮನುಷ್ಯನಿಗೆ ತನ್ನ ಕೆಲಸದ ಮೇಲೆ ತನ್ನ ಮಾತು ನಡೆಯಬೇಕು, ಆ ಕೆಲಸದಲ್ಲಿ ಕೈ ಪಳಗಬೇಕು, ಪಕ್ಕದಲ್ಲಿ ತನ್ನವರಿರಬೇಕು. ಇವು ಮೂರೂ ಇದ್ದರೆ ಹೊರಗಿನಿಂದ ದೂಡಬೇಕಾಗಿಲ್ಲ ಎನ್ನುತ್ತದೆ ಈ ಸಿದ್ಧಾಂತ. ನಾನು ಅನುಮಾನವಿಲ್ಲದೆ ಕಲಿಸುತ್ತಿದ್ದದ್ದು ಇದೊಂದನ್ನೇ. ಆದರೆ ಪುಸ್ತಕದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಕೆಲಸದ ಮೇಲಿನ ಮಾತು ಯಾರೂ ಬಹುಮಾನವಾಗಿ ಕೊಡುವ ವಸ್ತುವಲ್ಲ. ನಿನ್ನ ಕಣದಲ್ಲಿ ಕೂತವರು ಅದನ್ನು ತಾವೇ ತೆಗೆದುಕೊಳ್ಳುತ್ತಿದ್ದಾರೆ.

ಸದ್ಯಕ್ಕೆ ಗಬ್ಬೂರಿಗೆ ಹೋಗುತ್ತೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ರಾಧಾ


ಮಾನ್ವಿ
೧೯ ಜನವರಿ ೨೦೨೫

ರಾಧಾ,

ಎದ್ದು ಹೊರಗೆ ಹೋದೆ. ಆದರೆ ನೀನು ಎಣಿಸಿದಷ್ಟು ಬೇಗ ಅಲ್ಲ.

ಮೊದಲು ನಿಂಗರಾಜನನ್ನು ಕಳಿಸಿ ಮಾತಾಡಿಸಿದೆ, ಅವನು ಸೋತು ಬಂದ. ಅಷ್ಟರಲ್ಲಿ ಅಣ್ಣ ಟೆಂಪೋ ತುಂಬ ಬೇರೆ ಕಡೆಯ ಆಳುಗಳನ್ನು ಕೂರಿಸಿಕೊಂಡು ಗೇಟಿಗೆ ಬಂದ. ನಿಂಗರಾಜ ಗೇಟು ತೆರೆಯಲು ಹೋದ. ಆಗ ಎದ್ದೆ. ನಾನು ಹೋಗಿ ಗೇಟಿಗೆ ಬೆನ್ನು ಕೊಟ್ಟು ನಿಂತೆ.

"ಗಾಡಿ ಹಿಂದಕ್ಕ ಹೋಗ್ಲಿ ಅಣ್ಣಾ."

"ತೊಟ್ಟ್ಯಾಗಿನ ನೆಲ್ಲು ಕೊಳತ್ರ?"

"ಕೊಳೀಲಿ."

"ಲೇ ಅನು, ನೀ ಮಾಲಕಿಯೋ, ಕೂಲಿಯಾಕಿಯೋ?"

"ಈ ಗೇಟು ತಗಸೂದೋ ಬ್ಯಾಡೋ ಅನ್ನೂದು ನನಗ ಬಿಟ್ಟದ್ದು. ಅಷ್ಟು ಸಾಕು."

ಅವನಿಗೆ ಟೆಂಪೋದವರ ಮುಂದೆ ಜಗಳ ಆಡುವುದು ಬೇಡವಾಯಿತು. ಅಪ್ಪನಿಗೆ ಹೇಳುತ್ತೇನೆಂದು ಹೋದ. ನಾನು ಕಣಕ್ಕೆ ಹೋಗಿ, ಹಿಂದಿನ ಮೂಲೆ ಬೇಡ, ಮುಂದೆ ರಸ್ತೆಯ ಕಡೆ ಅಪ್ಪನ ಕಾರು ನಿಲ್ಲುವ ಜಾಗದಲ್ಲಿ ಕಟ್ಟಿಸುತ್ತೇನೆ, ಅದನ್ನು ಯಾರೂ ಮಾರಲಾರರು, ಈಗ ಏಳಿ ಎಂದೆ. ಅಷ್ಟು ಹೊತ್ತು ಅಣ್ಣನ ಎದುರು ನಿಂತು ಬಂದಿದ್ದೆ. ಅವರು ಕೂಡಲೇ ಏಳುತ್ತಾರೆ ಎಂದುಕೊಂಡಿದ್ದೆ.

ಅಯ್ಯಮ್ಮ ಕೂತಲ್ಲಿಂದಲೇ, "ಮಾತಿಗೆ ಏಳಂಗಿಲ್ರಿ ಅಕ್ಕಾರ. ಗ್ವಾಡಿ ಎದ್ದ ಮ್ಯಾಲ ನಾವೂ ಏಳ್ತೀವಿ" ಎಂದಳು.

ಉರಿದುಹೋಯಿತು. ನಿಮಗಾಗಿ ಒಡಹುಟ್ಟಿದವನನ್ನು ಎದುರು ಹಾಕಿಕೊಂಡೆ ಎಂದು ಕೂಗಿದೆ. "ನಿಮ್ಮ ಮನ್ಯಾಗಿನ ಜಗಳ ನಮಗ್ಯಾಕ್ರಿ" ಎಂದಳು ಖತೀಜಾ ಬೀ. ಅವರಿಬ್ಬರ ನಡುವೆ ಮಾತು ಮತ್ತೆ ಶುರುವಾಗಿತ್ತು, ನನ್ನ ವಿರುದ್ಧ.

ಮೀರಾಹುಸೇನ ಬಂದ. ಗೋಡೆ ಏಳತೊಡಗಿತು. ಬಾಯ್ಲರಿನವನು ಒಂದು ತೊಟ್ಟಿಯ ನೀರು ಬಸಿದು ಅದನ್ನು ಉಳಿಸಿಕೊಂಡ. ಇನ್ನೊಂದು ಹುಳಿಯಿತು. ಆ ವಾಸನೆ ಹಿರೇಕೊಟ್ನೆಕಲ್ ರಸ್ತೆಗೆಲ್ಲ ಹಬ್ಬಿತು. ಅಕ್ಕಿ ಮಿಲ್ಲಿನವರ ಮನೆಯಲ್ಲಿ ಹುಟ್ಟಿದವಳು ನಾನು, ಭತ್ತ ಹಾಳಾಗುವುದನ್ನು ನೋಡುತ್ತಾ ನಿಂತದ್ದು ಇದೇ ಮೊದಲು. ಅಳು ಬಂತು, ಅಳಲಿಲ್ಲ.

ಬಾಗಿಲು ಕೂರಿಸುವ ಹೊತ್ತಿಗೆ ಅವ್ವ ಅಪ್ಪನನ್ನು ಕರೆದುಕೊಂಡು ಬಂದಳು. ಅಣ್ಣ ಕಾರು ನಡೆಸುತ್ತಿದ್ದ. ಅಪ್ಪ ಕೋಲೂರಿಕೊಂಡು ಇಳಿದು ಗೋಡೆ ನೋಡಿದರು, ಕಣದಲ್ಲಿ ಕೂತವರನ್ನು ನೋಡಿದರು. ಅಯ್ಯಮ್ಮ ಸೆರಗು ಸರಿಮಾಡಿಕೊಂಡಳು, ಏಳಲಿಲ್ಲ. ಎಲ್ಲರೂ ಕಾಯುತ್ತಿದ್ದೆವು. ಅಪ್ಪ ಬಾಯಿ ತೆರೆದು, ತೊದಲುತ್ತಾ, "ಕಾ… ಕಾರು ಎಲ್ಲಿ ನಿಲ್ಸೂದು?" ಎಂದರು.

"ನೀವು ಇನ್ನ ಕಾರು ಹೊಡಿಯೂದು ಅಷ್ಟರಾಗ ಅದ, ನಡೀರಿ" ಎಂದಳು ಅವ್ವ. ಖತೀಜಾ ಬೀ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪನೂ ಅರ್ಧ ಮುಖದಲ್ಲಿ ನಕ್ಕರು ಎಂದು ನನಗೆ ಅನಿಸಿತು. ಅಣ್ಣ ಅದು ನಗುವಲ್ಲ ಎನ್ನುತ್ತಾನೆ.

ಆ ಮಧ್ಯಾಹ್ನ ಅವರು ಎದ್ದರು. ಎದ್ದ ಮೇಲೆ ಇನ್ನೂ ಎರಡು ಮಾತು ಹೇಳಿದರು. ಹೆಬ್ಬೆಟ್ಟಿನ ಯಂತ್ರ ಬೇಡ. ಬೆಳಕು ಹರಿಯುವಾಗ ಬಂದು, ಸುಡು ಬಿಸಿಲಿನಲ್ಲಿ ನೆರಳಿಗೆ ಹೋಗಿ, ಇಳಿಹೊತ್ತಿಗೆ ಮತ್ತೆ ಕಣಕ್ಕೆ ಇಳಿಯುತ್ತೇವೆ, ಆ ಹೊತ್ತನ್ನು ನಾವೇ ಗೊತ್ತು ಮಾಡಿಕೊಳ್ಳುತ್ತೇವೆ ಎಂದರು. ಯಂತ್ರವನ್ನು ನಾನೇ ಬಿಚ್ಚಿದೆ.

ಈಗ ನನ್ನ ಮಾತು ಕೇಳು. ನಿನ್ನ ಸಿದ್ಧಾಂತಗಳೆಲ್ಲ ದಂಡ. ಒಂದಾದರೂ ನನಗೆ ಆಗಿ ಬರಲಿಲ್ಲ. ಇಲ್ಲಿಗೆ ಬಾ, ಎದುರಿಗೆ ಕೂತು ಅವುಗಳ ಪರವಾಗಿ ವಾದ ಮಾಡು. ಕೆಲಸ ಕೊಡುತ್ತೇನೆಂದು ಕರೆಯುತ್ತಿಲ್ಲ. ಹೆದರಬೇಡ.

ಅನು


ಗಬ್ಬೂರು
೧೬ ಫೆಬ್ರವರಿ ೨೦೨೫

ಅನು,

ಮಾನ್ವಿಯಿಂದ ವಾಪಸ್ಸು ಬರಲು ಬಸ್ಸಿನಲ್ಲಿ ಕೂತಾಗ ನಿನಗೆ ಹೇಳಬೇಕಾಗಿದ್ದ ವಾದವೆಲ್ಲ ನೆನಪಾಯಿತು. ನಿನ್ನ ಮನೆಯಲ್ಲಿ ನಾವು ಬರೀ ಬೈದಾಡಿ, ಉಂಡು, ಮಲಗಿದೆವು. ಪಡಸಾಲೆಯ ಮಾತು ಮುಗಿಯಿತು. ಅದನ್ನು ಮತ್ತೆ ಬರೆಯುವುದಿಲ್ಲ.

ಸಿದ್ಧಾಂತಗಳು ದಂಡ ಎನ್ನುವುದನ್ನು ಮಾತ್ರ ನಾನು ಈಗಲೂ ಒಪ್ಪುವುದಿಲ್ಲ. ಮೆಟ್ಟಿಲಿನದು ನಿನಗೆ ನೀರಿನ ಸಂಗತಿ ತೋರಿಸಬಹುದಿತ್ತು, ನೀನು ಮಾನದಿಂದ ಶುರು ಮಾಡುತ್ತೇನೆಂದು ಕೆಳಗೆ ನೋಡಲಿಲ್ಲ. ನನ್ನವ್ವ ಮೇಲಿನಿಂದ ಶುರು ಮಾಡಿದ್ದು ಅವಳ ಛಲ. ಅದನ್ನೇ ಇನ್ನೊಬ್ಬರಿಗೆ ನಿಯಮ ಮಾಡಲು ಬರುವುದಿಲ್ಲ. ತಕ್ಕಡಿಯದು ಸೀರೆಯ ದಿನವೇ ನಿಜವಾಯಿತು. ನಿರೀಕ್ಷೆಯದನ್ನು ನೀನೇ ಒಪ್ಪಿಕೊಂಡು ಬರೆದಿದ್ದೀ. ಎಲ್ಲವೂ ಅಷ್ಟಷ್ಟು ನಿಜ. ಆದರೆ ಎಲ್ಲವನ್ನೂ ಬರೆದವರು ಮಾಲೀಕನ ಕುರ್ಚಿಯಲ್ಲಿ ಕೂತು ಕಣದ ಕಡೆ ನೋಡಿದ್ದಾರೆ. ಇವರಿಂದ ಹೆಚ್ಚು ಕೆಲಸ ತೆಗೆಯುವುದು ಹೇಗೆ ಎಂಬುದೇ ಅವರ ಪ್ರಶ್ನೆ. ಕಣದಲ್ಲಿ ಕೂತು ಕುರ್ಚಿಯ ಕಡೆ ನೋಡಿದರೆ ಬೇರೆ ಪ್ರಶ್ನೆ ಬರುತ್ತದೆ: ನಾವು ಏನನ್ನು ಸಹಿಸುತ್ತೇವೆ, ಏನನ್ನು ಸಹಿಸುವುದಿಲ್ಲ? ಈ ಪಾಠ ನಮಗೆ ಯಾರೂ ಮಾಡಲಿಲ್ಲ.

ಮಿಲ್ಲಿನಲ್ಲಿ ನೀನು ಆಫೀಸಿನೊಳಗೆ ಫೋನಿನಲ್ಲಿದ್ದಾಗ ನಾನು ಕಣದ ಹೆಂಗಸರ ಜೊತೆ ಬಹಳ ಹೊತ್ತು ಕೂತಿದ್ದೆ. ನನ್ನ ಕಥೆ ಕೇಳಿಸಿಕೊಂಡು ಖತೀಜಾ ಬೀ, "ನಿಮ್ಮ ಜೋಡಿಯವ್ರೆಲ್ಲಾ ಈಗ ಎಲ್ಲ್ಯದಾರ್ರಿ?" ಎಂದು ಕೇಳಿದಳು. ಕಾಲೇಜಿನಲ್ಲೇ ಇದ್ದಾರೆ, ಅಂಜಿಕೊಂಡಿದ್ದಾರೆ ಎಂದೆ. "ನೀವು ಒಬ್ಬರ ಎದ್ದು ಬಂದ್ರೇನು, ಎಲ್ಲಾರ್ನೂ ಕರಕೊಂಡು ಕುಂದ್ರಬೇಕಾಗಿತ್ತು" ಎಂದಳು. ಗಬ್ಬೂರಿಗೆ ಬರುವ ತನಕ ಆ ಮಾತನ್ನೇ ಅಗಿಯುತ್ತಿದ್ದೆ.

ಬಂದ ಮೇಲೆ ದೇವದುರ್ಗಕ್ಕೆ ಹೋಗಿ ಕಾಲೇಜಿನ ಒಬ್ಬೊಬ್ಬರ ಮನೆಗೂ ಅಲೆದೆ. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಹನುಮೇಶ ಎಂಬ ಕನ್ನಡದ ಉಪನ್ಯಾಸಕ, ಸಭೆಯಲ್ಲಿ ನೆಲ ನೋಡುತ್ತಿದ್ದವನು, "ನೀವು ಬರ್ತೀರಿ ಅಂತ ಕಾಯಾಕತ್ತಿದ್ದೆ" ಎಂದ. ಮಾರ್ಚ್ ಹತ್ತರಂದು ರಾಯಚೂರಿನಲ್ಲಿ ಸಂಸ್ಥೆಯ ಆಫೀಸಿನ ಮುಂದೆ ಕೂರುತ್ತೇವೆ. ಎಷ್ಟು ಜನ ಬರುತ್ತಾರೋ ತಿಳಿಯದು. ನಾನಂತೂ ಕೂರುತ್ತೇನೆ.

ಅಪ್ಪನಿಗೆ ಹೇಳಿದೆ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾ, "ಬಿಸಲಾಗ ಕುಂದ್ರಬೇಕಲ್ಲ, ತಲಿಗೆ ಏನರ ಹಾಕ್ಕೋ" ಎಂದ. ಅಷ್ಟೇ.

ರಾಧಾ


ಮಾನ್ವಿ
೧೦ ಮಾರ್ಚ್ ೨೦೨೫, ಸಂಜೆ

ರಾಧಾ,

ಇದು ನಿನಗೆ ಮುಟ್ಟುವ ಹೊತ್ತಿಗೆ ಎಲ್ಲ ನಿನಗೆ ಗೊತ್ತಿರುತ್ತದೆ. ಆದರೂ ನನ್ನ ಕಡೆಯದನ್ನು ಬರೆದಿಡುತ್ತೇನೆ.

ಮೊದಲು ಮಿಲ್ಲಿನ ಸುದ್ದಿ. ಈ ಸುಗ್ಗಿಯ ಅಕ್ಕಿ ಹೋದ ವರ್ಷಕ್ಕಿಂತ ಹೆಚ್ಚಾಗಿಲ್ಲ. ಹುಳಿತ ತೊಟ್ಟಿಯ ಪೆಟ್ಟು ದೊಡ್ಡದು. ಆದರೆ ಜನವರಿಯ ನಂತರ ಯಾರೂ ಬಿಟ್ಟು ಹೋಗಿಲ್ಲ, ಯಾರೂ ಕಣದಲ್ಲಿ ಬಿದ್ದಿಲ್ಲ. ಅಪ್ಪ ಇನ್ನೊಂದು ವರ್ಷ ನಡೆಸು ಎಂದಿದ್ದಾರೆ. ಹಿಂದಿನ ಮೂಲೆಯನ್ನು ಅಣ್ಣ ಮಾರಿಯೇ ಬಿಟ್ಟ. ನಾನು ಗೆದ್ದೆ ಎಂದು ಹೇಳಲಾರೆ. ಸೋತಿಲ್ಲ.

ನಿನ್ನೆ ಸಂಜೆ ಭತ್ತ ನೆನೆಸಲು ನಿಂಗರಾಜ ತೊಟ್ಟಿಗೆ ನೀರು ಬಿಡಲು ಹೋದರೆ ಅಯ್ಯಮ್ಮ ಬೇಡ ಎಂದಳಂತೆ. ಯಾಕೆಂದು ಅವನು ಕೇಳಲಿಲ್ಲ, ನನಗೂ ಹೇಳಲಿಲ್ಲ. ಇವತ್ತು ನಸುಕಿನಲ್ಲಿ ಬಂದು ನೋಡಿದರೆ ಕಣ ಗುಡಿಸಿ ಇಟ್ಟಿದೆ, ಮೂಲೆಯಲ್ಲಿ ಬಳಿಗೆಗಳು ಒರಗಿವೆ, ಯಾರೂ ಇಲ್ಲ. ಗೇಟಿನ ಹೊರಗೆ ಹೆಂಗಸರೆಲ್ಲ ಒಳ್ಳೆಯ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬಸ್ಸಿಗೆ ನಿಂತಿದ್ದರು.

ಅಯ್ಯಮ್ಮ ನನ್ನ ಹತ್ತಿರ ಬಂದಳು. "ಇವತ್ತ ನಾವು ಕೆಲಸಕ್ಕ ಬರಂಗಿಲ್ರಿ. ರಾಯಚೂರಿಗೆ ಹೊಂಟೀವಿ. ಆ ಪಾಠದ ಮೇಡಂ ಕೂಡ ಕುಂದ್ರಾಕ."

ನೀನು ಇವತ್ತು ಕೂರುವ ಸುದ್ದಿಯನ್ನು ಅವರಿಗೆ ನಾನೇ ಹೇಳಿದ್ದೆ, ಹೋಗಿ ಎಂದಿರಲಿಲ್ಲ. ಸುಗ್ಗಿಯ ಕೊನೆಯ ಲೋಡು ಬಂದು ನಿಂತಿದೆ. ನನಗೆ ಸಿಟ್ಟು ನೆತ್ತಿಗೇರಿತು. ನಿನಗೆ ಸುಳ್ಳು ಬರೆಯುವುದಿಲ್ಲ. "ನಿನ್ನೇನ ಒಂದು ಮಾತು ಕೇಳಬೇಕಾಗಿತ್ತಲ್ಲವ್ವಾ" ಎಂದೆ.

"ಹೇಳಾಕ ಬಂದೀನ್ರಿ, ಕೇಳಾಕ ಬಂದಿಲ್ಲ" ಎಂದಳು. ಜಗಳದ ದನಿಯಲ್ಲಲ್ಲ. ಹೊತ್ತು ಎಷ್ಟಾಯಿತು ಎಂದು ಹೇಳುವ ದನಿಯಲ್ಲಿ. "ತೊಟ್ಟಿ ಖಾಲಿ ಇಟ್ಟೀವಿ, ನೆಲ್ಲು ಕೆಡಂಗಿಲ್ಲ. ನಾಳಿ ನಸಕಿಲೇ ಬರ್ತೀವಿ." ಬಸ್ಸು ಬಂತು. ಖತೀಜಾ ಬೀ ಕಿಟಕಿಯಿಂದ ಕೈ ಬೀಸಿದಳು.

ಗೈರುಹಾಜರಿ ಹಾಕಲೇ ಎಂದು ನಿಂಗರಾಜ ಕೇಳಿದ. ಹಾಕು ಎಂದೆ. ಅವರಿಗೂ ಅದು ಗೊತ್ತು. ಇವತ್ತಿನ ಕೂಲಿ ಬಿಟ್ಟೇ ಹೋಗಿದ್ದಾರೆ. ಯಾರೂ ಕಳಿಸಲಿಲ್ಲ, ಯಾರೂ ಸೀರೆ ಕೊಡಲಿಲ್ಲ, ಯಾರೂ ಹೆದರಿಸಲಿಲ್ಲ. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಹೋದವಳಿಗಾಗಿ ಹೋಗಿದ್ದಾರೆ. ಖಾಲಿ ಕಣದ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿದೆ. ಸಿಟ್ಟು ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಅಣ್ಣನ ಫೋನು ಬಂತು. ಸಂಸ್ಥೆಯ ಅಧ್ಯಕ್ಷರು ಅವನಿಗೆ ಪರಿಚಯದವರಂತೆ. "ನಿನ್ನ ಆಳುಗಳು ಇಲ್ಲಿ ಬಂದು ಕುಂತಾವ. ಯಾರು ಕಳಿಸಿದ್ರು?"

"ಯಾರೂ ಕಳಿಸಿಲ್ಲ. ತಾವಾಗೇ ಹೋಗ್ಯಾರ."

"ಸುಗ್ಗ್ಯಾಗ ಕೆಲಸ ಬಿಟ್ಟು ಹೋದ್ರ ನೀ ಸುಮ್ನ ಬಿಟ್ಟೀ?"

"ಬಿಡಾಕ ನಾ ಯಾರು?" ಎಂದೆ.

ಅನು